ಕಡ್ಲೆ ಬೇರೆ, ಕಡ್ಲೇಕಾಯಿ ಬೇರೆ

ಗಾಣ ನಿಲ್ಲಿಸಿ ಮನೆಗೆ ಬಂದರೆ
ಮುಂಬಾಗಿಲು ನನಗಿಲ್ಲ.
ಪಕ್ಕದ ಸಂದಿಯಲ್ಲಿ ಹಾದು ಹಿತ್ತಲಿಗೆ,
ಅಂಗಿ ಲುಂಗಿ ಬೇರೆ ಬಕೆಟ್ಟಿಗೆ,
ನಲ್ಲಿ ಕೆಳಗೆ ಮೊಣಕೈವರೆಗೂ ಸೋಪು,
ಉಗುರಿಗೆ ಹಳೇ ಹಲ್ಲುಜ್ಜುವ ಬ್ರಶ್ಶು.
ಚಿನ್ಮಯಿ ಕಿಟಕಿ ಸರಳಿಗೆ ಮೂಗೊತ್ತಿ ಎಣಿಸುತ್ತಾಳೆ:
ಒಂದು ಚೊಂಬು, ಎರಡು ಚೊಂಬು.
ಹತ್ತಾದ ಮೇಲೆ ನಾನು ಅಪ್ಪ.

ಗುತ್ತಲು ರಸ್ತೆಯಲ್ಲಿ ನಮ್ಮದು ಮೂರು ತಲೆಯ ಗಾಣ.
ತಾತನಿಗೆ ಎತ್ತು, ನನಗೆ ಮೋಟಾರು,
ಒನಕೆ ಮಾತ್ರ ಅದೇ ಬಾಗೆ ಮರದ್ದು.
ಕಡ್ಲೇಕಾಯಿ ಎಣ್ಣೆಯಲ್ಲೇ ನನ್ನ ಫೀಸು, ಅಕ್ಕನ ಮದುವೆ,
ಈ ಮನೆಯ ಮೇಲಿನ ಮಹಡಿ.
ಅದರ ಅರ್ಧ ಬೀಜ
ಈ ಮನೆಯ ಮಗಳಿಗೆ ಆಗದು.

ಹಾಗಾಗಿ ಎಣ್ಣೆ ಮಾರುವವನು
ಮನೆಗೆ ಎಣ್ಣೆ ಕೊಳ್ಳುತ್ತೇನೆ.
ಪೇಟೆಬೀದಿಯ ಶಫಿ ಸಾಬರು ಮೊದಲ ಸಲ ನಕ್ಕರು:
"ನಿಮ್ಮೆಣ್ಣೆ ಮೇಲೆ ನಿಮಗೇ ನಂಬಿಕೆ ಇಲ್ವಾ?"
ಹೇಳಿದೆ.
ಮುಂದಿನ ತಿಂಗಳಿಂದ ನಮ್ಮ ತೆಂಗಿನೆಣ್ಣೆ ಡಬ್ಬ
ಮೇಲಿನ ಗೂಡಿನಲ್ಲಿ, ಒಂದೇ, ಬಟ್ಟೆ ಮುಚ್ಚಿಕೊಂಡು.

ಅವ್ವನಿಗೆ ನಂಬಿಸಲಾಗಲಿಲ್ಲ.
"ತಿನ್ನೋ ಪದಾರ್ಥಕ್ಕೆ ಹೆದರ್ತಾರಾ? ಯಾರ್ದೋ ಕಣ್ಣು."
ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆಸೆದು
"ನೋಡು, ಘಾಟೇ ಇಲ್ಲ" ಅಂದಳು.
ಆಮೇಲೊಂದು ಮಧ್ಯಾಹ್ನ, ಎರಡು ವರ್ಷದ ಬಾಯಿಗೆ
ಮೊಸರನ್ನದ ಜೊತೆ ಒಂದು ಚಿಟಿಕೆ ಚಟ್ನಿಪುಡಿ.
ಚಿಟಿಕೆ ಏನ್ ಮಾಡೀತು.

ತುಟಿ ಊದಿತು. ಕಣ್ಣು ಮುಚ್ಚಿತು.
ಉಸಿರು ಹಳೇ ಗಾಣದ ಹಾಗೆ ಕಿರ್ರೆಂದಿತು.
ಸ್ಕೂಟರಿನಲ್ಲಿ ನಾನು, ಹಿಂದೆ ಸುಕನ್ಯ, ನಡುವೆ ಮಗು,
ದೊಡ್ಡಾಸ್ಪತ್ರೆವರೆಗೂ ಕಬ್ಬಿನ ಲಾರಿಗಳ ಬೆನ್ನಿಗೆ ಹಾರನ್ನು.
ಅವ್ವ ಬರಿಗಾಲಲ್ಲಿ ನಡೆದೇ ಬಂದಳು,
ವಾರ್ಡಿನ ಬಾಗಿಲಲ್ಲಿ ನಿಂತಳು,
ಒಳಗೆ ಬರಲಿಲ್ಲ.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೇನೋ.
ಮನೆಗೆ ಬಂದ ಬೆಳಗ್ಗೆ
ಒಳಕಲ್ಲಿಗೆ ಕುದಿನೀರು ಹುಯ್ದಳು,
ಬೂದಿ ಹಾಕಿ ತಿಕ್ಕಿದಳು, ಮತ್ತೆ ಹುಯ್ದಳು, ಬಗ್ಗಿ ಮೂಸಿದಳು.
ಐವತ್ತು ವರ್ಷ ಚಟ್ನಿ ಕುಡಿದ ಕಲ್ಲು.
ಹಾರೆ ಹಾಕಿಸಿ ಮೀಟಿಸಿ ಹಿತ್ತಲಿಗೆ ಉರುಳಿಸಿದಳು.
ಈಗ ಅದರಲ್ಲಿ ಕಾಗೆ ನೀರು ಕುಡಿಯುತ್ತದೆ.

ಅವ್ವನಿಗೆ ಓದು ಬರದು.
ಬಿಸ್ಕತ್ತಿನ ಪೊಟ್ಟಣ ತಿರುಗಿಸಿ, ಬೆಳಕಿಗೆ ಹಿಡಿದು,
ಇಂಗ್ಲಿಷಿನ ಒಂದೇ ಒಂದು ಪದದ ಆಕಾರ ಹುಡುಕುತ್ತಾಳೆ:
"ತಲೆ ದಪ್ಪಗಿರೋನಿಂದ ಶುರು,
ಕೊನೇಲಿ ಲೈಟುಕಂಬ."
ಕಂಡರೆ ಅಂಗಡಿಯವನಿಗೆ ವಾಪಸ್ಸು,
ಕಾಣದಿದ್ದರೂ ಅರ್ಧ ಸಲ ವಾಪಸ್ಸು.
"ಬಾ ಮಗ, ರಾಗಿ ಹುರಿಹಿಟ್ಟು ಕಲಸಿಕೊಡ್ತೀನಿ."

ಇನ್ನು ಊರಿಗೆಲ್ಲ ಪಾಠ.
ಬೀಗರೂಟ, ಸ್ಕೂಲು, ಪಕ್ಕದ ಮನೆ ಹುಟ್ಟುಹಬ್ಬ:
ಕಡ್ಲೆ ಬೇರೆ, ಕಡ್ಲೇಕಾಯಿ ಬೇರೆ.
ಹುರಿಗಡಲೆ ಕೊಡಿ, ಪರವಾಗಿಲ್ಲ.
ಕಡ್ಲೆಬೇಳೆ ಒಬ್ಬಟ್ಟು, ಧಾರಾಳವಾಗಿ.
ಕಡ್ಲೆಹಿಟ್ಟಿನ ಬಜ್ಜಿ... ಯಾವ ಎಣ್ಣೇಲಿ ಕರಿದ್ರಿ?
ಮಾತು ಅಲ್ಲಿ ನಿಲ್ಲುತ್ತದೆ.
ಭಟ್ಟರು ನನ್ನನ್ನೇ ನೋಡುತ್ತಾರೆ,
"ನಿಮ್ಮ ಗಾಣದ್ದೇ, ಸ್ವಾಮಿ."
ಸುಕನ್ಯ ಚೀಲದಿಂದ ಡಬ್ಬ ತೆಗೆಯುತ್ತಾಳೆ.
ನೂರು ಬಾಳೆಲೆಯ ಸಾಲಿನಲ್ಲಿ ಒಂದು ಸ್ಟೀಲು ಮಿನುಗುತ್ತದೆ.

ನಿನ್ನೆ ಹತ್ತನೇ ಚೊಂಬಾದ ಮೇಲೆ ಕೇಳಿದಳು,
"ಅಪ್ಪಾ, ಅದು ತಿಂದ್ರೆ ಹೆಂಗಿರುತ್ತೆ?"
ಹೇಳಹೋದೆ. ಹುರಿಗಡಲೆ ಥರ, ಅಲ್ಲ.
ಹಸೀದು ಹಾಲಿನ ಥರ. ಸುಟ್ಟಿದ್ದು...
ನಾಲಗೆ ತಡಕಾಡಿತು.
ದಿನವಿಡೀ ಅದರ ಮೂಟೆಗಳ ನಡುವೆ ಕೂತರೂ
ನಾನೂ ತಿಂದು ಐದು ವರ್ಷ.

ಸ್ವಲ್ಪ ಹೊತ್ತು ಕಾದಳು.
"ನಿಂಗೂ ಗೊತ್ತಿಲ್ಲ, ಬಿಡು"
ಅಂದು ಅವ್ವನ ಪಕ್ಕ ಕುಕ್ಕರಿಸಿ
ನೆನೆದ ಅವರೆಕಾಳು ಹಿದುಕತೊಡಗಿದಳು.
ಒಂದು ಬೇಳೆ ಚಿಮ್ಮಿ ಬಂದು
ನನ್ನ ಒದ್ದೆ ತೋಳಿಗೆ ಅಂಟಿತು.